ಕರದ್ರ ಬರಂಗಿಲ್ಲ

ಜನವರಿ ೯, ೨೦೨೫, ಗುರುವಾರ. ಗಾಜಿಪುರ, ಕಲಬುರಗಿ

ಮಾಳಿಗೆಯ ಕೋಣೆಯಲ್ಲಿ ಇಂದಿನಿಂದ ಗದ್ದಲ. ತಮ್ಮ ಅಮರನಾಥನ ಮಗಳು ಭಾಗ್ಯಜ್ಯೋತಿ ಮೂವರು ಗೆಳತಿಯರನ್ನು ಕರೆತಂದು, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಪುಸ್ತಕದ ಕಪಾಟುಗಳ ನಡುವೆ ಡ್ರಮ್ಮು, ಗಿಟಾರು, ತಂತಿಗಳನ್ನು ಹರಡಿದ್ದಾಳೆ. ಅಮರನಾಥನಿಗೆ ದೂರಿ ಫಲವಿಲ್ಲ. ನಂದೂರಿನ ಬೇಳೆ ಗಿರಣಿಯಲ್ಲಿ ದಿನವಿಡೀ ಯಂತ್ರಗಳ ನಡುವೆ ಇದ್ದು ಬರುವ ವ್ಯವಸ್ಥಾಪಕನಿಗೆ ಮನೆಯ ಸದ್ದು ಸದ್ದೇ ಅಲ್ಲ.

ಕಾರಣ ಇಷ್ಟು. ಭಾಗ್ಯಜ್ಯೋತಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಕೊನೆಯ ವರ್ಷದಲ್ಲಿದ್ದಾಳೆ. ಪ್ರಾಯೋಗಿಕ ಪರೀಕ್ಷೆಗೆ ತಾನೇ ಒಂದು ಚಿತ್ರ ತಯಾರಿಸಿ ಒಪ್ಪಿಸಬೇಕು. ಹುಡುಗಿಯರೇ ಕೂಡಿ ಕಟ್ಟಿದ ರಾಕ್ ಬ್ಯಾಂಡಿನ ಒಂದು ಹಾಡನ್ನು ಚಿತ್ರೀಕರಿಸುತ್ತಾಳಂತೆ. ಬ್ಯಾಂಡಿನ ಹೆಸರು ‘ಬಿಸಿಲು’. ಕಲಬುರಗಿಯಲ್ಲಿ ಬಿಸಿಲಿಗೇನು ಬರವೆಂದು ಇವರೂ ಒಂದಿಷ್ಟು ಸೇರಿಸುತ್ತಿದ್ದಾರೋ ತಿಳಿಯದು. ಹಾಡುವವಳು ಮುಬೀನಾ. ಗಿಟಾರಿನವಳು ಯಾರೋ ವಕೀಲರ ಮಗಳು. ಡ್ರಮ್ಮು ಬಾರಿಸುವವಳು ಪಂಚಶೀಲಾ. ಕಮಲಾಪುರದ ಪ್ರೌಢಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತು, ಈಗ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುವ ದಿಲೀಪನ ಮಗಳು. ಅವನಿಗೆ ಹಾಸ್ಟೆಲಿನಲ್ಲಿ ಸೀಟು ಕೊಡಿಸಿದವಳು ನಾನು. ನಾನು ಜಾತಿ ನೋಡಿದವಳಲ್ಲ.

ಸಂಜೆ ಮೇಲೆ ಹೋಗಿ, ಪಂಚಶೀಲಾ ಬರೆದಳೆನ್ನುವ ಹಾಡನ್ನು ಕೇಳಿದೆ. ಸಹಿಸಿದೆ ಎಂದರೆ ಹೆಚ್ಚು ಸರಿ. ಪಲ್ಲವಿ ಹೀಗಿದೆ:

ಹೊರಗ ನಿಂತು ಹೆಸರ ಹಿಡದು
ಕರದ್ರ ಬರಂಗಿಲ್ಲ, ನಾ ಕರದ್ರ ಬರಂಗಿಲ್ಲ.

ಯಾವುದೋ ಹಟಮಾರಿ ಹುಡುಗಿಯ ಮುನಿಸು. “ಪದ್ಯವೆಂದ ಮೇಲೆ ಭಾಷೆಗೆ ಒಂದು ಶಿಸ್ತು ಬೇಕು. ‘ಕರೆದರೆ ಬರುವುದಿಲ್ಲ’ ಎಂದು ತಿದ್ದಿಕೊಳ್ಳಿ,” ಎಂದೆ.

ಮುಬೀನಾ ಬಲು ವಿನಯದಿಂದ, “ಮೇಡಂ, ಹಂಗ ಹಾಡಿದ್ರ ರೈಲ್ವೆ ಸ್ಟೇಷನ್ದಾಗ ಅನೌನ್ಸ್ ಮಾಡಿದಂಗ ಆಗ್ತದ್ರಿ,” ಎಂದಳು. ಉಳಿದವರು ನಕ್ಕರು. ಪಂಚಶೀಲಾ ನಗಲಿಲ್ಲ. ಸಭ್ಯ ಹುಡುಗಿ.

ಜನವರಿ ೧೮, ಶನಿವಾರ

ಈಗ ನನ್ನ ಅಗತ್ಯ ಬಿದ್ದಿದೆ. ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಚಿತ್ರೀಕರಿಸಬೇಕೆಂದು ಇವರ ಆಸೆ. ಯಾವ ತೋಟದವರೂ ಡ್ರಮ್ಮು, ಜನರೇಟರು, ಜೀನ್ಸ್ ಚಡ್ಡಿಯ ಹುಡುಗಿಯರನ್ನು ಒಳಗೆ ಬಿಡುತ್ತಿಲ್ಲ. ಭಾಗ್ಯಜ್ಯೋತಿ ಚಹಾ ತಂದಿಟ್ಟು, “ಅತ್ತಿ, ಅಲ್ಲಿ ನಿಮ್ಮ ಮಾತು ನಡೀತದಲ್ರಿ?” ಎಂದಳು.

ನಡೆಯುತ್ತದೆ. ದೊಡ್ಡ ತೋಟದ ಚಂದ್ರಶಾ ನನ್ನ ಶಿಷ್ಯ. ಫೋನಿನಲ್ಲಿ ಒಂದೇ ಮಾತಿಗೆ, “ಮೇಡಂ, ನಿಮ್ಮ ತ್ವಾಟನ ಅಂತ ತಿಳೀರಿ. ಕೇಳೂದೇನದ,” ಎಂದ. ಹುಡುಗಿಯರ ಮುಖದಲ್ಲಿ ಮೂಡಿದ ಗೌರವ ಕಂಡು ಸಮಾಧಾನವಾಯಿತು. ಮುಖ್ಯೋಪಾಧ್ಯಾಯಿನಿಯ ಹುದ್ದೆ ಹೋಗಬಹುದು, ಹೆಸರು ಹೋಗುವುದಿಲ್ಲ.

ಆದರೆ ಆ ಡ್ರಮ್ಮು ನನಗೆ ಒಗ್ಗುತ್ತಿಲ್ಲ. ತಗಡಿನ ಅಂಗಡಿಯ ಮೇಲೆ ಆಲಿಕಲ್ಲು ಬಿದ್ದಂತೆ. ನಮ್ಮಲ್ಲಿ ಎಂತೆಂಥ ವಾದ್ಯಗಳಿದ್ದವು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸ್ವಾತಂತ್ರ್ಯೋತ್ಸವದ ಪ್ರಭಾತಫೇರಿಯ ಮುಂದೆ ಒಬ್ಬ ಹಲಗೆ ಬಾರಿಸುತ್ತಿದ್ದ. ಮಕ್ಕಳ ಕಾಲುಗಳು ತಾವಾಗಿಯೇ ತಾಳಕ್ಕೆ ಕೂಡುತ್ತಿದ್ದವು. ಅವನ ಹೆಸರು ಮಾಣಿಕ. ದಿಲೀಪನ ತಂದೆ, ಈ ಹುಡುಗಿಯ ಅಜ್ಜ. ಮನೆಯಲ್ಲೇ ಇಂಥ ಕಲೆ ಇರುವಾಗ ಹೊರಗಿನದಕ್ಕೆ ಕೈಯೊಡ್ಡುವುದು ಅಜ್ಞಾನ.

ಜನವರಿ ೨೬, ಭಾನುವಾರ

ಕಮಲಾಪುರದ ಶಾಲೆಗೆ ಧ್ವಜಾರೋಹಣಕ್ಕೆ ಅತಿಥಿಯಾಗಿ ಹೋಗಿದ್ದೆ. ಮಕ್ಕಳ ಭಾಷಣಗಳಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳ ದುರ್ಗತಿ. ತಿದ್ದುವವರು ಯಾರೂ ಇಲ್ಲ.

ಆಮೇಲೆ ಚಂದ್ರಶಾನ ಮನೆಯಲ್ಲಿ ಊಟ. ಚಿತ್ರೀಕರಣದ ದಿನ ಮಾಣಿಕನನ್ನು ಹಲಗೆಯೊಂದಿಗೆ ತೋಟಕ್ಕೆ ಬರಹೇಳು ಎಂದೆ. ಚಂದ್ರಶಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

“ಅಂವ ಬಿಟ್ಟು ಭಾಳ ವರ್ಷ ಆತ್ರಿ ಮೇಡಂ. ಬೌದ್ಧ ದೀಕ್ಷಾ ತಗೊಂಡಾಗ ಇದ್ದಬದ್ದ ಹಲಗಿ ಎಲ್ಲ ಒಡದು ಬಾವ್ಯಾಗ ಒಗದಾರ. ಆಮ್ಯಾಲ ಯಾರ ಸತ್ರೂ ಬರಲಿಲ್ಲ, ಯಾರ ಮದಿವಿಗೂ ಬರಲಿಲ್ಲ. ನಮ್ಮಪ್ಪ ಖುದ್ದ ಹೋಗಿ ಕರದ್ರೂ ಬರಲಿಲ್ಲ.”

“ಅದು ಊರಿನ ಚಾಕರಿ. ಇದು ಕಲೆ,” ಎಂದೆ.

“ನಾ ಕರದ್ರ ಬರಂಗಿಲ್ರಿ. ನಿಮ್ಮ ಹೆಸರ ಹೇಳಿದ್ರ ಬಂದಾನು.” ಅವನು ನಕ್ಕ. “ಅವನ ಮಗಗ ನೌಕರಿ ಹಾದಿ ಹಚ್ಚಿದವ್ರು ನೀವ ಅಲ್ಲೇನ್ರಿ.”

ಹುಡುಗಿಯರಿಗೆ ಈಗಲೇ ಹೇಳುವುದು ಬೇಡ. ಅಜ್ಜ ಮೊಮ್ಮಗಳು ಒಂದೇ ಚೌಕಟ್ಟಿನಲ್ಲಿ, ಹಲಗೆ ಮತ್ತು ಡ್ರಮ್ಮು ಎದುರುಬದುರು. ಭಾಗ್ಯಜ್ಯೋತಿಗೆ ಇಂಥದು ಹೊಳೆಯಲಿಲ್ಲವಲ್ಲ.

ಫೆಬ್ರುವರಿ ೯, ಭಾನುವಾರ

ಬರೆಯಲು ಕೂತರೂ ಸಿಟ್ಟು ಇಳಿದಿಲ್ಲ.

ಬೆಳಿಗ್ಗೆ ಗಿರಣಿಯ ಟಂಟಂ ಆಟೋದಲ್ಲಿ ಸಾಮಾನು ಹೇರಿ ಕಮಲಾಪುರಕ್ಕೆ ಹೋದೆವು. ಕೆಂಪು ಕಾಂಡಗಳ ಸಾಲಿನ ನಡುವೆ ಡ್ರಮ್ಮನ್ನು ಜೋಡಿಸಿದರು. ಭಾಗ್ಯಜ್ಯೋತಿ ಕ್ಯಾಮೆರಾ ಹಿಡಿದು ಕೆಸರಿನಲ್ಲಿ ಮಂಡಿಯೂರಿದಳು. ಮುಬೀನಾ ಬುರ್ಖಾ ತೆಗೆದು ಗೊನೆಯೊಂದಕ್ಕೆ ನೇತುಹಾಕಿ, “ಬಾಳೆಹಣ್ಣಿಗಿ ಬಿಸಲ ಹತ್ತಬಾರದಲ್ರಿ,” ಎಂದಳು. ತೋಟದ ಆಳುಗಳು ಸಾಲುಗಟ್ಟಿ ನಿಂತು ನೋಡುತ್ತಿದ್ದರು. ಎರಡು ಸಲ ಹಾಡಾಯಿತು. ಪಂಚಶೀಲಾ ಬಾರಿಸುವಾಗ ಅವಳ ಮುಖದಲ್ಲಿ ಇರುವ ಏಕಾಗ್ರತೆ ನಮ್ಮ ಕಾಲದ ಮೊದಲ ದರ್ಜೆಯ ವಿದ್ಯಾರ್ಥಿಗಳಲ್ಲಿ ಕಾಣುತ್ತಿತ್ತು, ಅಷ್ಟನ್ನು ಒಪ್ಪುತ್ತೇನೆ.

ಮಾಣಿಕ ಬಂದದ್ದು ಆಗ. ಒಗೆದ ಧೋತರ, ಟೊಪ್ಪಿಗೆ. ಪಕ್ಕದ ಹಳ್ಳಿಯಿಂದ ಎರವಲು ತಂದ ಹಲಗೆ ಹೆಗಲಲ್ಲಿತ್ತು. ಬದುವಿನ ಆಚೆಯೇ ನಿಂತಿದ್ದ. ಒಳಗೆ ಬಾ ಎಂದು ನಾನೇ ಹೇಳಬೇಕಾಯಿತು. ಡ್ರಮ್ಮಿನ ಹಿಂದೆ ಕೂತಿದ್ದ ಪಂಚಶೀಲಾ ಅವನನ್ನು ಕಂಡಳು. ಕೋಲುಗಳು ಅವಳ ತೊಡೆಯ ಮೇಲಿದ್ದವು. ಅವು ಅಲ್ಲೇ ಉಳಿದವು.

“ಬಾರಿಸು ಮಾಣಿಕ,” ಎಂದೆ.

ಅವನು ಒಣಗಿದ ಬಾಳೆಯೆಲೆ ಗುಡ್ಡೆಹಾಕಿ ಬೆಂಕಿಯಿಟ್ಟು, ಹಲಗೆಯ ತೊಗಲನ್ನು ಕಾಯಿಸಿ, ಎದ್ದುನಿಂತ. ಮೊದಲು ಕೈ ತಡವರಿಸಿತು. ಎಡಗೈಯ ಸಣ್ಣ ಕಡ್ಡಿ ಒಮ್ಮೆ ಜಾರಿ ಬಿತ್ತು. ಆಮೇಲೆ ನಡೆ ಹಿಡಿಯಿತು. ಅಬ್ಬಾ, ಎಂಥ ನಡೆ. ನನ್ನ ಮೈ ಜುಮ್ಮೆಂದಿತು. ಭಾಗ್ಯಜ್ಯೋತಿ ಕ್ಯಾಮೆರಾವನ್ನು ಅವನತ್ತ ತಿರುಗಿಸಿದಳು. ಆಳುಗಳು ಸಿಳ್ಳೆ ಹೊಡೆದರು. ಚಂದ್ರಶಾ ಹುರುಪಿಗೆ ಬಂದು, ಒಂದು ಕೈಯಲ್ಲಿ ಮೊಬೈಲು ಹಿಡಿದೇ, ಇನ್ನೊಂದು ಕೈಯಿಂದ ನೋಟೊಂದನ್ನು ಮಾಣಿಕನ ತಲೆಯ ಸುತ್ತ ನಿವಾಳಿಸಿ ಅವನ ಕಾಲ ಬಳಿ ಒಗೆದ.

ಹಲಗೆ ನಿಂತಿತು. ಮಾಣಿಕ ನೋಟಿಗೆ ಬಗ್ಗಲಿಲ್ಲ. ಅದನ್ನು ದಾಟಿ ಹೋಗಲೂ ಇಲ್ಲ.

ಪಂಚಶೀಲಾ ಎದ್ದು ಬಂದು ಅವನ ಹೆಗಲಿಂದ ಹಲಗೆಯನ್ನು ತೆಗೆದಳು.

“ಮುತ್ಯಾ, ಯಾರು ಕರದಾರ?”

“ಅಕ್ಕೋರ ಹೆಸರ ಹೇಳಿ ಕಳಿಸಿದ್ರವ್ವಾ.”

ಅವಳು ನನ್ನ ಕಡೆ ತಿರುಗಿದಳು. “ನೀವು ಕರಸಿದ್ರೇನ್ರಿ ಮೇಡಂ?”

“ಹೌದು. ನಿನಗೆ ಹೆಮ್ಮೆಯಾಗಲಿ ಎಂದು.”

ಅವಳು ಕೂಗಾಡಿದ್ದರೆ ಉತ್ತರ ಕೊಡುತ್ತಿದ್ದೆ. ಅಜ್ಜನ ಕೈ ಹಿಡಿದು, ತಾನು ಬಂದಿದ್ದ ಸ್ಕೂಟಿಯ ಹಿಂದೆ ಕೂಡಿಸಿಕೊಂಡು ಹೊರಟುಹೋದಳು. ಡ್ರಮ್ಮು ಅಲ್ಲೇ. ಹಲಗೆ ಅಲ್ಲೇ. ಹಿರಿಯರಿಗೆ ಒಂದು ನಮಸ್ಕಾರವಿಲ್ಲ.

ಫೆಬ್ರುವರಿ ೧೦, ಸೋಮವಾರ

ಮನೆಯಲ್ಲಿ ಯಾರೂ ನನ್ನೊಡನೆ ಮಾತಾಡುತ್ತಿಲ್ಲ. ಉಪಕಾರಕ್ಕೆ ಇದು ಪ್ರತಿಫಲ.

ಫೆಬ್ರುವರಿ ೧೪, ಶುಕ್ರವಾರ

ಚಂದ್ರಶಾ ತನ್ನ ಮೊಬೈಲಿನಲ್ಲಿ ತೆಗೆದ ಮಾಣಿಕನ ಹಲಗೆಯನ್ನು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದ್ದಾನೆ. ‘ನಮ್ಮೂರ ಹಳೆ ವೈಭವ ಮರಳಿ ಬಂತು’ ಎಂದು ಶೀರ್ಷಿಕೆ. ಚೆನ್ನಾಗಿ ಬಂದಿದೆ ನೋಡು ಎಂದು ಭಾಗ್ಯಜ್ಯೋತಿಗೆ ತೋರಿಸಿದೆ. ಅವಳು ಫೋನನ್ನು ಕವುಚಿಟ್ಟಳು.

“ಅತ್ತಿ, ಆ ಹಾಡು ಯಾರದಂತ ಗೊತ್ತದೇನ್ರಿ ನಿಮಗ?”

“ಪಂಚಶೀಲಾ ಬರೆದದ್ದು ಎಂದಿದ್ದೆಯಲ್ಲ.”

“ಅಕಿ ಬರ್ದಾಳ. ಮಾತು ಅವರ ಮುತ್ಯಾಂದು. ಚಂದ್ರಶಾ ಅವರ ಅಪ್ಪ ಬಾಗಲ್ದಾಗ ನಿಂತು ‘ಏ ಮಾಣಿಕ್ಯಾ, ಹಲಗಿ ತಗೊಂಡು ಬಾರಲೇ’ ಅಂದಾಗ, ಒಳಗಿಂದನ ಅಂದಿದ್ರಂತ, ‘ಹಿಂಗ ಕರದ್ರ ಬರಂಗಿಲ್ಲ.’ ಆ ವರ್ಷ ಅವರಿಗಿ ಯಾರೂ ಕೆಲಸ ಕೊಡಲಿಲ್ಲಂತ. ಪಂಚಶೀಲಾ ಹುಟ್ಟಿದಾಗಿಂದ ಈ ಕಥಿ ಕೇಳಿಕೋತ ಬೆಳದಾಳ. ಅದಕ್ಕ ಕಮಲಾಪುರದಾಗನ ಶೂಟಿಂಗ್ ಆಗಬೇಕು ಅಂದಿದ್ಲು. ಅದ ಊರಾಗ, ಅಕಿ ಡ್ರಮ್ಮು.”

“ಇದನ್ನು ಮೊದಲೇ ಹೇಳಬಾರದಿತ್ತೇ?”

“ನೀವು ಕೇಳಿದ್ರ ಹೇಳ್ತಿದ್ದೆವ್ರಿ. ನೀವು ತಿದ್ದಿದ್ರಿ.”

ನಾಲಿಗೆ ಉದ್ದವಾಗಿದೆ. ಅಮರನಾಥನಿಗೆ ಹೇಳಬೇಕು.

ಹೇಳಲಿಲ್ಲ.

ಫೆಬ್ರುವರಿ ೨೩, ಭಾನುವಾರ

ಮಾಣಿಕಪ್ಪನ ಹಲಗೆಯ ಭಾಗವನ್ನು ವಿಭಾಗದ ಅಧ್ಯಾಪಕರು ನೋಡಿ, ಇದೊಂದನ್ನೇ ಸಾಕ್ಷ್ಯಚಿತ್ರ ಮಾಡಿ ಕೊಟ್ಟರೆ ಮೊದಲ ಸ್ಥಾನ ನಿನಗೇ ಎಂದರಂತೆ. ಭಾಗ್ಯಜ್ಯೋತಿ ಅಂಗಳದಲ್ಲಿ ಲ್ಯಾಪ್‌ಟಾಪು ಹಿಡಿದು ಕೂತು, ಕಮಲಾಪುರದಲ್ಲಿ ತೆಗೆದದ್ದನ್ನು, ಹಾಡನ್ನೂ ಸೇರಿಸಿ, ಒಂದೊಂದಾಗಿ ಎಲ್ಲವನ್ನೂ ಅಳಿಸಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಅವಳ ಕೈಯಲ್ಲಿ ಈಗ ಒಪ್ಪಿಸಲು ಏನೂ ಇಲ್ಲ. ಪಂಚಶೀಲಾ ಫೋನು ಎತ್ತುತ್ತಿಲ್ಲ. ಡ್ರಮ್ಮು ಮಾಳಿಗೆಯಲ್ಲಿ ಹಾಸಿಗೆಯ ಹೊದಿಕೆ ಹೊದ್ದು ಕೂತಿದೆ.

ಮನೆ ಶಾಂತವಾಗಿದೆ. ಬೇಕೆಂದದ್ದು ಇದೇ. ಮಧ್ಯಾಹ್ನ ಓದಲು ಕೂತರೆ ಒಂದು ಪುಟವೂ ಹತ್ತಲಿಲ್ಲ.

ಮಾರ್ಚ್ ೪, ಮಂಗಳವಾರ

ದಿಲೀಪನ ಫೋನು ಬಂತು.

“ಮೇಡಂ, ದಿಲೀಪ ಮಾತಾಡಾಕತ್ತೀನ್ರಿ. ಆರಾಮ ಇದ್ದೀರೇನ್ರಿ?”

ಊರಿನ ಹಿರಿಯ ದೌಲಪ್ಪ ತೀರಿಹೋದನಂತೆ. ಅವನ ಮಕ್ಕಳೂ ಚಂದ್ರಶಾನೂ ಮಾಣಿಕಪ್ಪನ ಬಾಗಿಲಿಗೆ ಹೋದರಂತೆ. ಹೆಣದ ಮುಂದೆ ಹಲಗೆ ಬಾರಿಸಬೇಕು.

“ಅಪ್ಪ ಒಲ್ಲೆ ಅಂದಾನ್ರಿ. ಅದಕ್ಕ ಅವ್ರು, ‘ಅಕ್ಕೋರ ಮುಂದ ಬಾರಸ್ತಿ, ನಮ್ಮ ಹೆಣದ ಮುಂದ ಬಾರಸಂಗಿಲ್ಲೇನು? ಮೊಬೈಲ್ದಾಗ ಎಲ್ಲಾರೂ ನೋಡ್ಯಾರ’ ಅಂದ್ರಂತ್ರಿ. ಮೊದಲಾದ್ರ ಅಪ್ಪ ‘ನಾವು ಬಿಟ್ಟೀವಿ’ ಅಂತಿದ್ದ. ಈಗ ಏನ್ ಹೇಳಬೇಕ್ರಿ? ಅಮ್ಮಗ ಮರುದಿನದಿಂದ ಚಂದ್ರಶಾನ ತ್ವಾಟದ ಕೆಲಸಕ್ಕ ಬರಬ್ಯಾಡ ಅಂದಾರ.”

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ಎದ್ದುನಿಂತು ಉತ್ತರ ಹೇಳುತ್ತಿದ್ದ ಅದೇ ಧ್ವನಿ.

“ಪಂಚಶೀಲಾಗ ನಾನ ಹೇಳೀನ್ರಿ, ಮೇಡಂ ಅವರಿಗಿ ಇದೆಲ್ಲ ಗೊತ್ತಿಲ್ಲ, ಗೊತ್ತಿದ್ರ ಕರಸ್ತಿರಲಿಲ್ಲ ಅಂತ. ನಿಮಗ ಗೊತ್ತಿರಲಿಲ್ಲ, ಹೌದಲ್ರಿ?”

ಗೊತ್ತಿರಲಿಲ್ಲ ಎಂದೆ.

ಮಾರ್ಚ್ ೫, ಬುಧವಾರ

ಏನೂ ಓದಲಿಲ್ಲ.

ಮಾರ್ಚ್ ೯, ಭಾನುವಾರ

ಕಮಲಾಪುರಕ್ಕೆ ಒಬ್ಬಳೇ ಹೋಗಿಬಂದೆ.

ಅಷ್ಟು ವರ್ಷ ಆ ಊರಿನಲ್ಲಿ ಕೆಲಸ ಮಾಡಿದರೂ ಮಾಣಿಕಪ್ಪನ ಓಣಿಗೆ ಹೋದದ್ದು ಇದೇ ಮೊದಲು, ದಾರಿ ಕೇಳಬೇಕಾಯಿತು. ಮಾಣಿಕಪ್ಪ ಮನೆಯಲ್ಲಿರಲಿಲ್ಲ. ನನ್ನನ್ನು ದೂರದಿಂದಲೇ ಕಂಡು ಎಲ್ಲಿಗಾದರೂ ಹೋದನೋ, ನಿಜವಾಗಿಯೂ ಇರಲಿಲ್ಲವೋ ತಿಳಿಯದು. ಅವನ ಹೆಂಡತಿ ಬಂಡೆಮ್ಮ ಕೌದಿ ಹಾಸಿ ಕೂಡಿಸಿದಳು. ಹೊಸ ಕಪ್ಪು-ಬಸಿಯಲ್ಲಿ ಚಹಾ ತಂದಳು. ನಾನು ಕುಡಿಯುವವರೆಗೂ ನೋಡುತ್ತಿದ್ದಳು. ಕುಡಿದೆ.

“ನಾನು ಒಳ್ಳೆಯದಕ್ಕೆಂದೇ ಕರೆಸಿದ್ದು,” ಎಂದೆ.

“ಹೌದ್ರಿ ಅಕ್ಕೋರ. ನೀವು ಎಂದಾದ್ರೂ ಕೆಟ್ಟದ್ದಕ್ಕ ಕರಸ್ತೀರೇನ್ರಿ,” ಎಂದಳು. “ಅವತ್ತು ನಾ ಅಂದೆ, ಹೋಗಬ್ಯಾಡ ಅಂತ. ‘ಬಂಡೀ, ದಿಲೀಪಗ ಮನಷ್ಯಾನ್ನ ಮಾಡಿದವ್ರು ಕರದಾರ, ಹೆಂಗ ಒಲ್ಲೆ ಅನ್ಲಿ’ ಅಂದ. ಹಲಗಿ ಬೇಡಿ ತರಾಕ ನಡಕೋತ ಹೋಗಿದ್ದ್ರಿ.”

ಮಂಚದ ಮೇಲೆ ಬಟ್ಟೆಗಂಟುಗಳಿದ್ದವು. ಮಗನ ಮನೆಗೆ, ಕಲಬುರಗಿಯ ಪಕ್ಕದ ಕುಸನೂರಿಗೆ ಹೋಗುತ್ತಾರಂತೆ. ಎಷ್ಟು ದಿನಕ್ಕೆ ಎಂದು ಕೇಳಿದೆ. ಬಂಡೆಮ್ಮ ಒಂದು ಗಂಟನ್ನು ಇನ್ನಷ್ಟು ಬಿಗಿದಳು.

“ಅಕ್ಕೋರ, ಒಂದ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಮ್ಮ ಮಗಗ ನೀವು ಕಲಿಸಿದ್ರಿ. ಮಗನ ಅಪ್ಪಗ ಕಲಸಾಕ ಯಾರೂ ಬರಲಿಲ್ಲ. ಒಲ್ಲೆ ಅನ್ನೂದು ಒಂದು, ಅಂವ ತಾನ ಕಲ್ತಿದ್ದ. ಉಪಾಸ ಬಿದ್ದು ಕಲ್ತಿದ್ದ. ಅದನ್ನ ನೀವು ಮರಸಿದ್ರಿ.”

ಆಮೇಲೆ ಬಂಡೆಮ್ಮನವರು ನನ್ನ ಕಪ್ಪು-ಬಸಿ ಒಳಗೊಯ್ದು ತೊಳೆದಿಟ್ಟು, ಓಣಿಯ ಕೊನೆಯವರೆಗೆ ಬಂದು ಕಳಿಸಿಕೊಟ್ಟರು.

ನೇರವಾಗಿ ಚಂದ್ರಶಾನ ಮನೆಗೆ ಹೋದೆ. ಆ ಸ್ಟೇಟಸ್ಸು ತಾನಾಗಿ ಅಳಿದಿದೆ, ಆದರೆ ವಿಡಿಯೊ ಊರಿನ ಎಲ್ಲರ ಫೋನಿನಲ್ಲಿದೆ. ಬಂಡೆಮ್ಮನವರನ್ನು ಕೆಲಸಕ್ಕೆ ಮತ್ತೆ ಕರೆ, ಮಾಣಿಕಪ್ಪನ ಬಾಗಿಲಿಗೆ ಇನ್ನೆಂದೂ ಹೋಗಬೇಡ, ಅಂದು ತಪ್ಪಿದವಳು ನಾನೆಂದು ದೌಲಪ್ಪನ ಮಕ್ಕಳಿಗೆ ಹೇಳು ಎಂದೆ. ನನ್ನ ದನಿ ತರಗತಿಯಲ್ಲಿದ್ದಷ್ಟೇ ಗಟ್ಟಿಯಾಗಿತ್ತು.

“ಕೂಡ್ರಿ ಮೇಡಂ, ಹಣ್ಣ ತಗೋರಿ,” ಎಂದ. “ನಾವೇನ್ ಜಬರ್ದಸ್ತಿ ಮಾಡೀವೇನ್ರಿ? ಇಷ್ಟ ವರ್ಷ ಸುಮ್ಮನ ಇದ್ದೆವಿಲ್ಲೊ. ನಮ್ಮಪ್ಪನ ಕೈಲಿ ಆಗದ್ದು ನಿಮ್ಮ ಒಂದ ಮಾತಿಗಿ ಆತು. ಊರಾಗ ಎಲ್ಲಾರೂ ಅದನ ಅನ್ನಾಕತ್ತಾರ, ಮೇಡಂ ಅಂದ್ರ ಮೇಡಂ ಅಂತ.”

ಹೊರಡುವಾಗ ಕೆಂಪು ಬಾಳೆಯ ಚಿಪ್ಪುಗಳನ್ನು ಚೀಲಕ್ಕೆ ಹಾಕಿ ಕೈಗಿತ್ತ. ತೆಗೆದುಕೊಂಡೆ. ಒಲ್ಲೆ ಎನ್ನಬೇಕಿತ್ತು, ಬಾಯಿಗೆ ಬರಲಿಲ್ಲ. ಕಲಬುರಗಿಯಲ್ಲಿ ಇಳಿಯುವಾಗ ಚೀಲವನ್ನು ಬಸ್ಸಿನ ಸೀಟಿನ ಕೆಳಗೆ ಬಿಟ್ಟೆ. ಕಂಡಕ್ಟರ್ ಕೂಗಿ ಕರೆದ. ತಿರುಗಿ ನೋಡಲಿಲ್ಲ.

ಮಾರ್ಚ್ ೨೨, ಶನಿವಾರ

ಭಾಗ್ಯಜ್ಯೋತಿಯ ಕೂದಲಲ್ಲಿ ಬೇಳೆಯ ಹೊಟ್ಟು. ಮುಬೀನಾಳ ಬುರ್ಖಾದ ಮೇಲೂ. ನಂದೂರಿನಲ್ಲಿ ಗಿರಣಿಯ ಗೋದಾಮಿನ ಮುಂದೆ ಚಿತ್ರೀಕರಣ ಮುಗಿಸಿ ಬಂದಿದ್ದಾರೆ. ಅಮರನಾಥ ಜಾಗ ಕೊಡಿಸಿದನಂತೆ. ಮಾಳಿಗೆಯಿಂದ ಡ್ರಮ್ಮು ಇಳಿದುಹೋದದ್ದು ನಾನು ಸ್ನಾನಕ್ಕೆ ಹೋಗಿದ್ದಾಗ. ಪಂಚಶೀಲಾ ಹೊರಗೆ ರಸ್ತೆಯಲ್ಲೇ ನಿಂತಿದ್ದಳೆಂದು ಪಕ್ಕದ ಮನೆಯ ಇಕ್ಬಾಲ್ ಬೇಗಂ ಹೇಳಿದರು. ನಮ್ಮ ಮನೆಯೊಳಗೆ ಅವಳು ಬರಲಿಲ್ಲ.

ನನಗೆ ಯಾರೂ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಕಮಲಾಪುರದಲ್ಲಿ ಆಗಬೇಕಾದದ್ದು ನಂದೂರಿನಲ್ಲಿ ಆಯಿತು.

ಸಾರಿಗೆ ಒಗ್ಗರಣೆ ಹಾಕುತ್ತ ಆ ಪಲ್ಲವಿಯನ್ನು ಗುನುಗುತ್ತಿದ್ದೆನಂತೆ. ಅಮರನಾಥ ಅಡುಗೆಮನೆಗೆ ಇಣುಕಿ, “ಅಕ್ಕಾ, ‘ಬರಂಗಿಲ್ಲ’ ಅಂತಿ ಅಲ್ಲ!” ಎಂದು ನಕ್ಕ. ನಾನು ಹಾಗೆ ಅಂದಿರಲಾರೆ.

ಏಪ್ರಿಲ್ ೧೨, ಶನಿವಾರ

ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಚಿತ್ರಗಳ ಪ್ರದರ್ಶನ. ಭಾಗ್ಯಜ್ಯೋತಿ ಕರೆದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಆಟೋ ಮಾಡಿಕೊಂಡು ಹೋದೆ. ಎರಡನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತೆ. ಅಧ್ಯಾಪಕರೊಬ್ಬರು ಗುರುತು ಹಿಡಿದು, ಮುಂದಿನ ಸಾಲಿಗೆ ಬನ್ನಿ ಎಂದರು. ಇಲ್ಲೇ ಸರಿ ಎಂದೆ.

ಭಾಗ್ಯಜ್ಯೋತಿಯ ಸರದಿಗೆ ಸ್ವಲ್ಪ ಮೊದಲು ಪಂಚಶೀಲಾಳ ಮನೆಯವರು ಬಂದರು. ಮುಂದೆ ದಿಲೀಪ, ಅವನ ಹಿಂದೆ ಬಂಡೆಮ್ಮನವರು, ಪಂಚಶೀಲಾಳ ಕೈ ಹಿಡಿದು ಮಾಣಿಕಪ್ಪನವರು. ಎರಡೇ ತಿಂಗಳಲ್ಲಿ ತೀರ ಇಳಿದುಹೋಗಿದ್ದಾರೆ. ದಿಲೀಪ ನನಗೆ ಕೈ ಮುಗಿದ. ಪಂಚಶೀಲಾ ಪರದೆಯ ಕಡೆ ನೋಡಿದಳು. ಅವರಿಗೆಂದು ಕಾದಿರಿಸಿದ ಕುರ್ಚಿಗಳು ನನ್ನ ಸಾಲಿನಲ್ಲೇ ಇದ್ದವು.

ನಾನು ಎದ್ದು ನಿಂತೆ.

ಮಾಣಿಕಪ್ಪನವರು ನನ್ನನ್ನು ಕಂಡರು. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ತಮ್ಮ ಕುರ್ಚಿಯ ಮುಂದೆ ಬಂದು ಅಲ್ಲೇ ನಿಂತರು. ದೀಪಗಳು ಆರಿದವು. ಪರದೆಯ ಮೇಲೆ ಗೋದಾಮಿನ ತಗಡಿನ ಬಾಗಿಲು ಕಾಣಿಸಿಕೊಂಡಿತು, ಡ್ರಮ್ಮಿನ ಮೊದಲ ಪೆಟ್ಟು ಬಿತ್ತು. ಅವರು ನಿಂತೇ ಇದ್ದರು, ನಾನೂ. ಹಿಂದಿನ ಸಾಲಿನವರು ಗೊಣಗತೊಡಗಿದರು.

“ಮುತ್ಯಾ, ಕೂಡು,” ಎಂದಳು ಪಂಚಶೀಲಾ.

“ಅಕ್ಕೋರು ನಿಂತಾರವ್ವಾ,” ಎಂದರು.

ನಾನು ಕೂತೆ. ಆಮೇಲೆ ಅವರು ಕೂತರು.